ದುಡಿದು ಉಳಿದ ಕೋಟೆ: ನೀಮ್ರಾನಾ ಕಲಿಸುವ ವ್ಯವಹಾರ ಪಾಠ

ಆನೆ ಇದ್ದರೂ ಲಕ್ಷ, ಸತ್ತರೂ ಲಕ್ಷ ಎಂಬ ಮಾತು ಹಳೆಯ ಕೋಟೆ ಕೊತ್ತಲಗಳಿಗೆ ಅನ್ವಯಿಸುವುದಿಲ್ಲ. ಕೋಟೆ ನಿಂತಿರುವಷ್ಟು ಕಾಲ ಅದರ ದುರಸ್ತಿಗೆ ಹಣ ಸುರಿಯಬೇಕು. ಕುಸಿದರೆ ಉಳಿಯುವುದು ಕಲ್ಲಿನ ರಾಶಿ ಮಾತ್ರ. ಅರಸೊತ್ತಿಗೆಯ ಕಾಲದಲ್ಲಿ ಈ ವೆಚ್ಚಕ್ಕೆ ಭೂಕಂದಾಯದ ಆಧಾರವಿತ್ತು. ಸ್ವಾತಂತ್ರ್ಯಾನಂತರ ರಾಜಸ್ಥಾನದಲ್ಲಿ 1952ರ ಭೂಸುಧಾರಣೆ ಮತ್ತು ಜಾಗೀರು ಸ್ವಾಧೀನ ಕಾಯಿದೆಯಿಂದ ಜಾಗೀರುದಾರರ ವರಮಾನ ಹೋಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯ ಮೂಲಕ ಮಾಜಿ ಅರಸರ ರಾಜಧನವೂ ರದ್ದಾಯಿತು. ವರಮಾನ ನಿಂತರೂ ಸೋರುವ ಮಾಳಿಗೆ, ಬಿರುಕು ಬಿಡುವ ಗೋಡೆ, ಗೆದ್ದಲು ಹಿಡಿಯುವ ತೊಲೆಗಳು ತಮ್ಮ ಬೇಡಿಕೆಯನ್ನು ನಿಲ್ಲಿಸಲಿಲ್ಲ. ಇಂತಹ ಆಸ್ತಿಯನ್ನು ಪಿತ್ರಾರ್ಜಿತವಾಗಿ ಪಡೆದವರ ಮುಂದೆ ಇದ್ದ ದಾರಿಗಳು ಮೂರು: ಕೈಬಿಡುವುದು, ಮಾರುವುದು, ಇಲ್ಲವೇ ಕಟ್ಟಡವನ್ನೇ ದುಡಿಮೆಗೆ ಹಚ್ಚುವುದು.

ಈ ಮೂರನೆಯ ದಾರಿಯಲ್ಲಿ ನಡೆದು ಯಶಸ್ಸು ಕಂಡ ನಿದರ್ಶನಗಳಲ್ಲಿ ರಾಜಸ್ಥಾನದ ನೀಮ್ರಾನಾ ಕೋಟೆ-ಅರಮನೆ ಪ್ರಮುಖವಾದುದು. ಪ್ರವಾಸಿಗರು ಅದರ ಸೊಬಗನ್ನು ಹೊಗಳುತ್ತಾರೆ. ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಅದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು, ಪಾಳುಬಿದ್ದ ಆಸ್ತಿಯೊಂದು ತನ್ನ ಜೀರ್ಣೋದ್ಧಾರದ ವೆಚ್ಚವನ್ನು ತಾನೇ ದುಡಿದುಕೊಂಡ ಬಗೆಯನ್ನು.

ಕೊಳ್ಳುವವರಿಲ್ಲದ ಆಸ್ತಿ

ದೆಹಲಿಯಿಂದ ಜೈಪುರದ ಕಡೆಗೆ ಸುಮಾರು 120 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಅರಾವಳಿಯ ಗುಡ್ಡವೊಂದಕ್ಕೆ ಒರಗಿಕೊಂಡಂತೆ ಈ ಕೋಟೆ ನಿಂತಿದೆ. ಬಹುಕಾಲ ಅಲ್ವರ್ ಜಿಲ್ಲೆಗೆ ಸೇರಿದ್ದ ಈ ಊರು 2023ರಲ್ಲಿ ರಚನೆಯಾದ ಕೋಟಪೂತಲಿ-ಬೆಹರೋಡ್ ಜಿಲ್ಲೆಯಲ್ಲಿದೆ. ಕೋಟೆಯ ನಿರ್ಮಾಣ ಆರಂಭವಾದುದು 1464ರಲ್ಲಿ. ಕಟ್ಟಿಸಿದವರು 1192ರ ತರಾಯಿನ್ ಯುದ್ಧದಲ್ಲಿ ಸೋತ ಪೃಥ್ವೀರಾಜ ಚೌಹಾಣನ ವಂಶದವರೆಂದು ಹೇಳಿಕೊಂಡ ಅರಸು ಮನೆತನದವರು. ಅವರಿಗೆ ಸೋತ ಸ್ಥಳೀಯ ನಾಯಕ ನಿಮೋಲಾ ಮೇವ್ ಎಂಬಾತ ತಾನು ಕಳೆದುಕೊಂಡ ನೆಲಕ್ಕೆ ತನ್ನ ಹೆಸರನ್ನಾದರೂ ಇಡುವಂತೆ ಬೇಡಿಕೊಂಡನೆಂದೂ, ಅದರಿಂದಲೇ ಊರಿಗೆ ನೀಮ್ರಾನಾ ಎಂಬ ಹೆಸರು ಬಂದಿತೆಂದೂ ಐತಿಹ್ಯವಿದೆ.

1947ರ ವೇಳೆಗೆ ಕೋಟೆಯ ಮುಂಭಾಗ ಶಿಥಿಲವಾಗಿ, ಅಂದಿನ ರಾಜಾ ರಾಜಿಂದರ್ ಸಿಂಗ್ ಅದನ್ನು ತೊರೆದು ವಿಜಯಬಾಗ್ ಎಂಬ ನಿವಾಸಕ್ಕೆ ತೆರಳಿದರು. ನಂತರದ ನಾಲ್ಕು ದಶಕಗಳ ಕಾಲ ಈ ಹೊರೆಯನ್ನು ಇಳಿಸಿಕೊಳ್ಳಲು ಅವರು ಯತ್ನಿಸಿದರೂ ಅದು ಸುಲಭವಾಗಲಿಲ್ಲ. ಹೆದ್ದಾರಿಯ ಮಗ್ಗುಲಲ್ಲಿದ್ದು, ರಾಷ್ಟ್ರದ ರಾಜಧಾನಿಗೆ ಸಮೀಪವಿದ್ದರೂ ಕೋಟೆಗೆ ಬೆಲೆ ಬರಲಿಲ್ಲ. ಕಾರಣ ಸ್ಪಷ್ಟವಾಗಿದೆ. ಆಸ್ತಿಗೆ ಬೆಲೆ ಕಟ್ಟುವುದು ಅದರ ವಿಸ್ತಾರದಿಂದಲ್ಲ, ಅದರಿಂದ ಬರಬಹುದಾದ ಆದಾಯದಿಂದ. ಆ ಆದಾಯದ ಸಾಧ್ಯತೆ ಅಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅದು ಕಣ್ಣಿಗೆ ಬಿದ್ದುದು ಇಬ್ಬರು ಸಂಶೋಧಕರಿಗೆ. ಶೇಖಾವಾಟಿ ಪ್ರದೇಶದ ಹವೇಲಿಗಳ ಭಿತ್ತಿಚಿತ್ರಗಳ ಕುರಿತು ಗ್ರಂಥರಚನೆಯಲ್ಲಿ ತೊಡಗಿದ್ದ ಅಮನ್ ನಾಥ್ ಮತ್ತು ಫ್ರಾನ್ಸಿಸ್ ವಾಕ್ಝಿಯಾರ್ಗ್ 1977ರಲ್ಲಿ ಈ ಪಾಳು ಕೋಟೆಯನ್ನು ಕಂಡರು. ಅಮನ್ ನಾಥ್ ಇತಿಹಾಸದ ವಿದ್ಯಾರ್ಥಿ. ಫ್ರಾನ್ಸ್ ಮೂಲದ ವಾಕ್ಝಿಯಾರ್ಗ್ ಭಾರತದಲ್ಲಿ ನೆಲೆಸಿ, ರಫ್ತು ವ್ಯವಹಾರದ ಅನುಭವ ಪಡೆದು, ಮುಂದೆ ಭಾರತೀಯ ಪೌರತ್ವವನ್ನೂ ಪಡೆದವರು. 1986ರಲ್ಲಿ ಸ್ನೇಹಿತರೊಡಗೂಡಿ ಅವರು ಕೋಟೆಯನ್ನು ಕೊಂಡರು. ಇತಿಹಾಸದ ಆಸಕ್ತಿ ಮತ್ತು ವ್ಯಾಪಾರದ ಲೆಕ್ಕಾಚಾರ ಒಂದೆಡೆ ಸೇರಿದುದು ಈ ಉದ್ಯಮದ ಮೊದಲ ಬಂಡವಾಳವೆನ್ನಬಹುದು.

ಹಾಸಿಗೆ ಇದ್ದಷ್ಟು ಕಾಲು

ಕೋಟೆಯನ್ನು ಕೊಂಡ ಮೇಲೆ ಇಡೀ ಕಟ್ಟಡವನ್ನು ಒಮ್ಮೆಗೇ ದುರಸ್ತಿ ಮಾಡಿಸಿ, ನಂತರ ಬಾಗಿಲು ತೆರೆಯುವ ವಿಧಾನವೂ ಇತ್ತು. ಹಾಗೆ ಮಾಡಿದ್ದರೆ ಭಾರಿ ಸಾಲ ಬೇಕಾಗುತ್ತಿತ್ತು. ಮೊದಲ ಅತಿಥಿ ಬರುವ ಮುನ್ನವೇ ಹಲವು ವರ್ಷಗಳ ಬಡ್ಡಿ ಏರುತ್ತಿತ್ತು. ನೀಮ್ರಾನಾ ಹಿಡಿದ ದಾರಿ ಬೇರೆ. ವಾಸಕ್ಕೆ ಯೋಗ್ಯವಾಗಬಲ್ಲ ಭಾಗವನ್ನು ಮೊದಲು ಸರಿಪಡಿಸಿ, ಬೆರಳೆಣಿಕೆಯ ಕೊಠಡಿಗಳೊಡನೆ 1991ರಲ್ಲಿ ಅತಿಥಿಗಳಿಗೆ ಬಾಗಿಲು ತೆರೆಯಲಾಯಿತು. ಅಲ್ಲಿಂದ ಮುಂದೆ ಒಂದೊಂದೇ ಪಾರ್ಶ್ವವನ್ನು ಎತ್ತಿಕೊಂಡು ಕಾಮಗಾರಿ ಮುಂದುವರಿಯಿತು. ಇಂದು ಅಲ್ಲಿ 70ಕ್ಕೂ ಹೆಚ್ಚು ಕೊಠಡಿಗಳಿವೆ. ತೂಗುತೋಟಗಳು, ಈಜುಕೊಳಗಳು, ಬಯಲು ರಂಗಮಂದಿರ ಸೇರಿಕೊಂಡಿವೆ. 2009ರಲ್ಲಿ ಉಕ್ಕಿನ ತಂತಿಗೆ ಜೋತು ಕಣಿವೆ ದಾಟುವ ಸಾಹಸಕ್ರೀಡೆಯೂ ಆರಂಭವಾಯಿತು.

ಈ ಕ್ರಮದಿಂದ ಎರಡು ಲಾಭಗಳುಂಟು. ಮೊದಲನೆಯದು ಹಣದ ಹರಿವಿಗೆ ಸಂಬಂಧಿಸಿದುದು: ತೆರೆದ ಕೊಠಡಿಗಳ ಬಾಡಿಗೆ ಮುಂದಿನ ಕೊಠಡಿಗಳ ದುರಸ್ತಿಗೆ ನೆರವಾಗುತ್ತದೆ. ಎರಡನೆಯದು ತಪ್ಪುಗಳ ಪ್ರಮಾಣಕ್ಕೆ ಸಂಬಂಧಿಸಿದುದು: ಮೊದಲ ಹಂತದಲ್ಲಿ ಕೊಳಾಯಿ, ವಿದ್ಯುತ್ತು, ಅಡುಗೆಮನೆಗಳ ವ್ಯವಸ್ಥೆಯಲ್ಲಿ ಕಂಡ ಕೊರತೆಗಳನ್ನು ಎರಡನೆಯ ಹಂತದಲ್ಲಿ ತಿದ್ದಿಕೊಳ್ಳಲು ಅವಕಾಶ ದೊರೆಯುತ್ತದೆ. ಇದಕ್ಕೆ ಪ್ರತಿಯಾಗಿ ತೆರಬೇಕಾದ ಬೆಲೆಯೂ ಇದೆ. ಒಂದು ಪಾರ್ಶ್ವದಲ್ಲಿ ಅತಿಥಿಗಳು ವಿಶ್ರಮಿಸುತ್ತಿರುವಾಗ ಇನ್ನೊಂದು ಪಾರ್ಶ್ವದಲ್ಲಿ ಉಳಿಯ ಸದ್ದು ಕೇಳುತ್ತಿರುತ್ತದೆ. ಕಾಮಗಾರಿಯ ವೇಳೆಯನ್ನು ಹೊಂದಿಸುವ ಶಿಸ್ತು ಇಲ್ಲದವರಿಗೆ ಈ ವಿಧಾನ ಒಗ್ಗುವುದಿಲ್ಲ.

ಒಂದು ರಾತ್ರಿಯ ವಾಸ

ಅತಿಥಿಗೆ ಇಲ್ಲಿ ದೊರೆಯುವುದೇನು? ಹೆದ್ದಾರಿಯನ್ನು ಬಿಟ್ಟು ಊರಿನ ಇಕ್ಕಟ್ಟಾದ ಬೀದಿಯನ್ನು ದಾಟಿದೊಡನೆ ಗುಡ್ಡದ ಮೈಗೆ ಅಂಟಿಕೊಂಡ ಕೋಟೆ ಎದುರಾಗುತ್ತದೆ. ಹತ್ತಕ್ಕೂ ಹೆಚ್ಚು ಅಂತಸ್ತುಗಳಲ್ಲಿ ಹರಡಿಕೊಂಡಿರುವ ಈ ಕಟ್ಟಡದಲ್ಲಿ ಸಮತಟ್ಟಾದ ನಡಿಗೆ ಎಂಬುದು ಅಪರೂಪ. ಆನೆ ಕುದುರೆಗಳಿಗೆಂದು ಮಾಡಿದ ಕಲ್ಲುಹಾಸಿನ ಏರುದಾರಿ, ತಿರುವುಗಳುಳ್ಳ ಮೆಟ್ಟಿಲು, ತಲೆ ತಗ್ಗಿಸಿ ನುಸುಳಬೇಕಾದ ಬಾಗಿಲು, ಅಲ್ಲಿಂದ ಹಠಾತ್ತನೆ ತೆರೆದುಕೊಳ್ಳುವ ಅಂಗಳ. ಹೀಗೆ ದಾರಿ ಸಾಗುತ್ತದೆ. ತನ್ನ ಕೊಠಡಿಯಿಂದ ಊಟದ ಸ್ಥಳಕ್ಕೆ ಹೋಗಲು ಮೊದಲ ದಿನ ಅತಿಥಿಗೆ ಮಾರ್ಗದರ್ಶಕ ಬೇಕೇ ಬೇಕು.

ಕೊಠಡಿಗಳಿಗೆ ಸಂಖ್ಯೆಯ ಬದಲು ಚಂದ್ರ ಮಹಲ್, ದೇವ ಮಹಲ್ ಎಂಬಂತಹ ಹೆಸರುಗಳಿವೆ. ಒಂದರಂತೆ ಇನ್ನೊಂದಿಲ್ಲ. ಒಂದರಲ್ಲಿ ಝರೋಕಾದಿಂದ ಇಡೀ ಊರು ಕಾಣುತ್ತದೆ; ಇನ್ನೊಂದರಲ್ಲಿ ಕಲ್ಲಿನ ಜಾಲಂಧ್ರದ ಮೂಲಕ ಬೆಳಕು ನೆಲದ ಮೇಲೆ ಚಿತ್ತಾರ ಬಿಡಿಸುತ್ತದೆ. ದಪ್ಪ ಗೋಡೆಗಳ ಕಾರಣ ಹಗಲಿನ ಬಿಸಿ ಒಳಗೆ ನುಗ್ಗಲು ಬಹಳ ಹೊತ್ತು ಬೇಕು. ಸಂಜೆ ಮಾಳಿಗೆಯ ಮೇಲೆ ಕುಳಿತವರಿಗೆ ಕೆಳಗಿನ ಊರಿನಿಂದ ಗುಡಿಯ ಗಂಟೆ, ಮಕ್ಕಳ ಕೂಗು, ದನಕರುಗಳ ದನಿ ಸ್ಪಷ್ಟವಾಗಿ ಕೇಳುತ್ತವೆ. ಸಮೀಪದಲ್ಲಿಯೇ ನೆಲದೊಳಕ್ಕೆ ಹಲವು ಅಂತಸ್ತು ಇಳಿಯುವ ಹಳೆಯ ಮೆಟ್ಟಿಲುಬಾವಿಯಿದೆ. ಬೆಳಗಿನ ನಡಿಗೆಗೆ ಹೊರಟವರು ಅದನ್ನು ನೋಡದೆ ಮರಳುವುದಿಲ್ಲ.

ಸಾಮಾನ್ಯ ಹೋಟೆಲಿನ ಅಳತೆಗೋಲಿನಿಂದ ನೋಡಿದರೆ ಇವುಗಳಲ್ಲಿ ಹಲವು ದೋಷಗಳೇ ಸರಿ. ಮೆಟ್ಟಿಲುಗಳು ಹೆಚ್ಚು, ಮೊಣಕಾಲು ನೋವಿನವರಿಗೆ ಕಷ್ಟ. ಕೊಠಡಿಗಳ ಅಳತೆ ಅಸಮ. ಅಡುಗೆಮನೆಯಿಂದ ಕೊಠಡಿಗೆ ಬಿಸಿ ಊಟ ತಲುಪಿಸಲು ಹೆಚ್ಚು ಜನ ಬೇಕು. ನೀಮ್ರಾನಾ ಸಂಸ್ಥೆ ಈ ದೋಷಗಳನ್ನು ಮರೆಮಾಚಲು ಹೋಗಲಿಲ್ಲ. ತನ್ನ ತಂಗುದಾಣಗಳನ್ನು ‘ಹೋಟೆಲಲ್ಲದ ಹೋಟೆಲು’ಗಳೆಂದೇ ಕರೆದುಕೊಂಡಿತು. ಗ್ರಾಹಕನಿಗೆ ಏನು ಸಿಗುವುದಿಲ್ಲವೆಂದು ಮೊದಲೇ ತಿಳಿಸಿದರೆ, ಸಿಗುವುದರ ಬೆಲೆ ಅವನಿಗೆ ಅರ್ಥವಾಗುತ್ತದೆ. ಎಲ್ಲ ಪಟ್ಟಣಗಳಲ್ಲಿಯೂ ಒಂದೇ ಅಚ್ಚಿನ ಕೊಠಡಿಗಳು ದೊರೆಯುವ ಕಾಲದಲ್ಲಿ ಅಸಮಾನತೆಯೇ ಇಲ್ಲಿ ಮಾರಾಟದ ಸರಕಾಯಿತು.

ಸುಣ್ಣದ ಗೋಡೆ, ಹೊಸ ಕೊಳಾಯಿ

ಹಳೆಯ ಕಟ್ಟಡದ ಜೀರ್ಣೋದ್ಧಾರದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು ಸಿಮೆಂಟಿನ ಬಳಕೆ. ಕಲ್ಲು ಮತ್ತು ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ನೆಲದ ತೇವವನ್ನು ಹೀರಿ, ಮೇಲ್ಮೈಯಿಂದ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಲವಣಗಳು ಹರಳುಗಟ್ಟಿ, ಕೆಲವೇ ವರ್ಷಗಳಲ್ಲಿ ಗಿಲಾವು ಹಪ್ಪಳದಂತೆ ಏಳುತ್ತದೆ. ಕಲ್ಲಿನ ಮೈಯೂ ಉದುರತೊಡಗುತ್ತದೆ. ಆದುದರಿಂದ ಸುಣ್ಣ, ಮರಳು, ಇಟ್ಟಿಗೆ ಪುಡಿಗಳ ಹಳೆಯ ಪಾಕವನ್ನೇ ಬಳಸಬೇಕಾಗುತ್ತದೆ. ರಾಜಸ್ಥಾನದಲ್ಲಿ ಇದಕ್ಕೆ ಬೆಲ್ಲ, ಮೆಂತ್ಯ, ಗುಗ್ಗುಳಗಳನ್ನು ಬೆರೆಸುವ ರೂಢಿಯಿದೆ. ‘ಅರೈಶ್’ ಎಂದು ಕರೆಯುವ ನಯಗಾರೆಯನ್ನು ಪದರ ಪದರವಾಗಿ ಹಚ್ಚಿ ಉಜ್ಜಿದಾಗ ಗೋಡೆ ಅಮೃತಶಿಲೆಯಂತೆ ಹೊಳೆಯುತ್ತದೆ. ಈ ಕೆಲಸ ನಿಧಾನವಾದುದು. ಬಲ್ಲ ಕುಶಲಕರ್ಮಿಗಳೂ ವಿರಳ. ಕೆಲಸ ಸತತವಾಗಿ ದೊರೆತರೆ ಮಾತ್ರ ಅವರ ಮಕ್ಕಳು ಅದೇ ಕಸುಬನ್ನು ಕಲಿಯುತ್ತಾರೆ. ಹಂತಹಂತವಾಗಿ ವರ್ಷಗಟ್ಟಲೆ ನಡೆಯುವ ಕಾಮಗಾರಿಯ ಇನ್ನೊಂದು ಪ್ರಯೋಜನ ಇಲ್ಲಿದೆ.

ಗೋಡೆಗಿಂತಲೂ ಕಠಿಣವಾದ ಸಮಸ್ಯೆ ಸ್ನಾನಗೃಹದ್ದು. ಹದಿನೈದನೆಯ ಶತಮಾನದ ಕೋಟೆಯಲ್ಲಿ ಪ್ರತಿ ಕೊಠಡಿಗೂ ಹೊಂದಿಕೊಂಡ ಸ್ನಾನಗೃಹ ಇರಲು ಸಾಧ್ಯವಿಲ್ಲ. ಅದಕ್ಕಾಗಿ ಹಳೆಯ ಉಗ್ರಾಣ, ಕಾವಲುಗಾರರ ಕೋಣೆ, ಮೂಲೆಯ ಬುರುಜುಗಳನ್ನು ಬಳಸಿಕೊಳ್ಳಬೇಕಾಗುತ್ತದೆ. ದಪ್ಪ ಗೋಡೆಯನ್ನು ಕೊರೆಯದೆ ಕೊಳವೆ ಒಯ್ಯುವುದು, ತೊಲೆಗಳ ಮೇಲೆ ನೀರಿನ ತೊಟ್ಟಿಯ ಭಾರ ಬೀಳದಂತೆ ನೋಡಿಕೊಳ್ಳುವುದು, ತಂತಿಗಳನ್ನು ಕಣ್ಣಿಗೆ ಕಾಣದಂತೆ ಎಳೆಯುವುದು, ಕಿರಿದಾದ ಮೆಟ್ಟಿಲುಗಳ ನಡುವೆ ಬೆಂಕಿ ಆಕಸ್ಮಿಕದ ವೇಳೆ ಹೊರಹೋಗುವ ದಾರಿ ಗುರುತಿಸುವುದು. ಇವೆಲ್ಲವೂ ಹೊಸ ಕಟ್ಟಡದಲ್ಲಿ ನಕ್ಷೆಯ ಮೇಲೆಯೇ ಮುಗಿಯುವ ವಿಷಯಗಳು. ಕೋಟೆಯಲ್ಲಿ ಪ್ರತಿ ಕೊಠಡಿಗೂ ಬೇರೆಯೇ ಪರಿಹಾರ ಹುಡುಕಬೇಕು.

ಲೆಕ್ಕದ ಪುಸ್ತಕ

ಹೊಸ ಹೋಟೆಲಿನಲ್ಲಿ ಕಟ್ಟಿದ ಜಾಗದ ಬಹುಭಾಗ ಬಾಡಿಗೆ ತರುತ್ತದೆ. ಕೋಟೆಯಲ್ಲಿ ಅಂಗಳ, ಮೊಗಸಾಲೆ, ಮಾಳಿಗೆ, ಕೊತ್ತಳಗಳೇ ಹೆಚ್ಚು. ಬಾಡಿಗೆಗೆ ಕೊಡಬಹುದಾದ ಕೊಠಡಿಗಳು ಕಡಿಮೆ. ದುರಸ್ತಿಯ ವೆಚ್ಚ ಮಾತ್ರ ಇಡೀ ಕಟ್ಟಡದ್ದು. ಆದುದರಿಂದ ಬಾಡಿಗೆ ತಾರದ ಜಾಗವನ್ನೂ ದುಡಿಮೆಗೆ ಹಚ್ಚುವುದು ಅನಿವಾರ್ಯ. ಅಂಗಳದಲ್ಲಿ ವಿವಾಹ, ಮೊಗಸಾಲೆಯಲ್ಲಿ ಸಮ್ಮೇಳನ, ಬಯಲು ರಂಗಮಂದಿರದಲ್ಲಿ ಸಂಗೀತ, ಹಗಲು ನೋಡಿಹೋಗುವವರಿಗೆ ಪ್ರವೇಶ ಶುಲ್ಕ. ನೀಮ್ರಾನಾದಲ್ಲಿ ಇವೆಲ್ಲವೂ ಆದಾಯದ ಬಾಬ್ತುಗಳು.

ಎರಡನೆಯ ಸಮಸ್ಯೆ ವಾರದ ನಡುವಿನ ದಿನಗಳದ್ದು. ಮಹಾನಗರಕ್ಕೆ ಸಮೀಪದ ತಂಗುದಾಣಗಳು ಶನಿವಾರ, ಭಾನುವಾರ ತುಂಬುತ್ತವೆ. ಉಳಿದ ದಿನ ಬಿಕೋ ಎನ್ನುತ್ತವೆ. ಒಂದು ಸರಳ ಉದಾಹರಣೆಯಿಂದ ಇದರ ಪರಿಣಾಮ ತಿಳಿಯುತ್ತದೆ. 20 ಕೊಠಡಿಗಳ ತಂಗುದಾಣದಲ್ಲಿ ದಿನದ ಬಾಡಿಗೆ 6,000 ರೂ. ಎಂದಿಟ್ಟುಕೊಳ್ಳೋಣ. ವಾರಾಂತ್ಯದ ಎರಡು ರಾತ್ರಿ ಮಾತ್ರ ಪೂರ್ತಿ ತುಂಬಿದರೆ ವಾರಕ್ಕೆ 40 ಕೊಠಡಿ-ರಾತ್ರಿಗಳು, ಅಂದರೆ 2.40 ಲಕ್ಷ ರೂ. ವರಮಾನ. ಉಳಿದ ಐದು ರಾತ್ರಿ ಅರ್ಧದಷ್ಟು ಕೊಠಡಿಗಳನ್ನು 4,500 ರೂ.ಗಳ ರಿಯಾಯಿತಿ ದರಕ್ಕೆ ಕೊಟ್ಟರೂ 50 ಕೊಠಡಿ-ರಾತ್ರಿಗಳಿಂದ 2.25 ಲಕ್ಷ ರೂ. ಸೇರಿ, ವರಮಾನ 4.65 ಲಕ್ಷಕ್ಕೆ ಏರುತ್ತದೆ. ಕಾವಲು, ವೇತನ, ದುರಸ್ತಿಗಳ ವೆಚ್ಚದಲ್ಲಿ ಬಹುಪಾಲು ಎರಡೂ ಸಂದರ್ಭಗಳಲ್ಲಿ ಒಂದೇ ಆಗಿರುವುದರಿಂದ ಲಾಭ ನಷ್ಟಗಳ ನಿರ್ಣಯವಾಗುವುದು ವಾರದ ನಡುವೆಯೇ.

ಈ ದೃಷ್ಟಿಯಿಂದ ನೀಮ್ರಾನಾದ ನೆರೆಹೊರೆ ಗಮನಾರ್ಹವಾದುದು. ರಾಜಸ್ಥಾನ ರಾಜ್ಯ ಕೈಗಾರಿಕಾಭಿವೃದ್ಧಿ ಮತ್ತು ಹೂಡಿಕೆ ನಿಗಮ (ರೀಕೋ) ಇಲ್ಲಿ ಕೈಗಾರಿಕಾ ಪ್ರದೇಶವನ್ನು ರೂಪಿಸಿದೆ. 2006ರಲ್ಲಿ ಜಪಾನಿನ ವಿದೇಶ ವ್ಯಾಪಾರ ಸಂಸ್ಥೆ ಜೆಟ್ರೋದೊಡನೆ ಮಾಡಿಕೊಂಡ ಒಪ್ಪಂದದನ್ವಯ ಜಪಾನೀ ಉದ್ಯಮಗಳಿಗೆಂದೇ ಪ್ರತ್ಯೇಕ ವಲಯ ರಚನೆಯಾಯಿತು. ಹವಾನಿಯಂತ್ರಕಗಳನ್ನು ತಯಾರಿಸುವ ಡೈಕಿನ್ ಸಂಸ್ಥೆ ಇಲ್ಲಿ ಕಾರ್ಖಾನೆ ಹೊಂದಿದೆ. ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ತಂಗುದಾಣಕ್ಕೆ ವಾರದ ನಡುವಿನ ಸಭೆ, ತರಬೇತಿ ಶಿಬಿರ, ಅತಿಥಿ ಸತ್ಕಾರಗಳ ಬೇಡಿಕೆ ಕೂಗಳತೆಯಲ್ಲಿಯೇ ಇರುತ್ತದೆ.

ತೆರಿಗೆಯ ಲೆಕ್ಕವೂ ಸೂಕ್ಷ್ಮವಾದುದು. ದಿನಕ್ಕೆ 7,500 ರೂ.ವರೆಗಿನ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲದೆ ಶೇ. 5ರ ಜಿ.ಎಸ್.ಟಿ.; ಅದಕ್ಕೂ ಮೇಲ್ಪಟ್ಟ ಬಾಡಿಗೆಗೆ ಶೇ. 18. ಕೊಠಡಿಗಳ ಅಳತೆ ಬೇರೆ ಬೇರೆಯಾಗಿರುವ ಕೋಟೆಯಲ್ಲಿ ಒಂದೇ ಮಾಳಿಗೆಯ ಕೆಳಗೆ ಎರಡು ದರಗಳು ಜಾರಿಯಲ್ಲಿರಬಹುದು. ಇದರ ಜೊತೆಗೆ, ಹಿಂದಿನ ಹಣಕಾಸು ವರ್ಷದಲ್ಲಿ ಯಾವುದೇ ಒಂದು ಕೊಠಡಿಯನ್ನು 7,500 ರೂ.ಗಳಿಗಿಂತ ಹೆಚ್ಚಿಗೆ ಕೊಟ್ಟಿದ್ದರೂ, 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಅಲ್ಲಿನ ಉಪಾಹಾರಗೃಹಕ್ಕೂ ಶೇ. 18ರ ದರ ಅನ್ವಯವಾಗುತ್ತದೆ. ಒಂದು ದುಬಾರಿ ಕೊಠಡಿಯಿಂದ ಬರುವ ಹೆಚ್ಚುವರಿ ಬಾಡಿಗೆ, ಎಲ್ಲ ಊಟಗಳ ಮೇಲೆ ಬೀಳುವ ಹೆಚ್ಚುವರಿ ತೆರಿಗೆಗೆ ಸಾಟಿಯಾದೀತೇ ಎಂಬುದನ್ನು ದರ ನಿಗದಿಗೆ ಮುನ್ನ ಲೆಕ್ಕಹಾಕುವುದು ಜಾಣತನ.

ಸರ್ಕಾರದ ಪಾತ್ರ

ಅರಮನೆಯನ್ನು ಹೋಟೆಲಾಗಿಸುವ ವಿಚಾರ ನೀಮ್ರಾನಾದಿಂದ ಮೊದಲಾದುದಲ್ಲ. ಜೈಪುರದ ರಾಮಬಾಗ್ ಅರಮನೆ 1957ರಲ್ಲಿಯೂ, ಉದಯಪುರದ ಸರೋವರದ ನಡುವಿನ ಅರಮನೆ 1963ರಲ್ಲಿಯೂ ಹೋಟೆಲುಗಳಾದವು. ಆದರೆ ಅವು ದೊಡ್ಡ ಸಂಸ್ಥಾನಗಳ ಸುಸ್ಥಿತಿಯ ಅರಮನೆಗಳು. ಸಣ್ಣ ಠಾಕೂರರ ಕೋಟೆ, ಹವೇಲಿಗಳಿಗೂ ಈ ದಾರಿ ತೆರೆದುಕೊಂಡುದು ನಂತರದ ದಶಕಗಳಲ್ಲಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 1950ಕ್ಕೆ ಮುನ್ನ ಕಟ್ಟಿದ ಅರಮನೆ, ಕೋಟೆ, ಹವೇಲಿಗಳಲ್ಲಿ ನಡೆಯುವ ಹೋಟೆಲುಗಳಿಗೆ ‘ಹೆರಿಟೇಜ್’ ಎಂಬ ಪ್ರತ್ಯೇಕ ವರ್ಗವನ್ನು ಗೊತ್ತುಪಡಿಸಿತು. ‘ಕ್ಲಾಸಿಕ್’ ಮತ್ತು ‘ಗ್ರ್ಯಾಂಡ್’ ಎಂಬ ಮೇಲಿನ ವರ್ಗಗಳಿಗೆ ಕಟ್ಟಡ 1935ಕ್ಕೆ ಮುನ್ನಿನದಾಗಿರಬೇಕು. ಕಟ್ಟಡದ ಮುಖಭಾಗ ಮತ್ತು ವಾಸ್ತುಲಕ್ಷಣಗಳು ಕೆಡದಂತೆ ಉಳಿದಿರಬೇಕೆಂಬುದು ಈ ಮಾನ್ಯತೆಯ ಮುಖ್ಯ ನಿಬಂಧನೆ. ಹೀಗಾಗಿ ಹಳೆಯ ಕಟ್ಟಡವನ್ನು ಕೆಡವದಿರುವುದೇ ವ್ಯಾಪಾರದ ಅರ್ಹತೆಯಾಯಿತು.

ಸ್ಪೇನ್ ದೇಶದಲ್ಲಿ ಸರ್ಕಾರವೇ ಈ ಉದ್ಯಮಕ್ಕಿಳಿಯಿತು. 1928ರಲ್ಲಿ ಗ್ರೇದೋಸ್ ಪರ್ವತದಲ್ಲಿ ಮೊದಲ ‘ಪಾರದೋರ್’ ತಂಗುದಾಣ ಆರಂಭವಾಯಿತು. 1930ರಲ್ಲಿ ಓರೊಪೇಸಾದ ಶ್ರೀಮಂತ ಮನೆತನದ ಕೋಟೆ-ಅರಮನೆ ಈ ಸರಣಿಗೆ ಸೇರಿತು. ಇಂದು ಸುಮಾರು ನೂರು ತಂಗುದಾಣಗಳು ಸರ್ಕಾರಿ ಕಂಪನಿಯ ಆಡಳಿತದಲ್ಲಿದ್ದು, ಅವುಗಳಲ್ಲಿ ಹಲವು ಹಳೆಯ ಕೋಟೆ ಮತ್ತು ಮಠಗಳಲ್ಲಿವೆ. ನೀಮ್ರಾನಾ ಸಂಸ್ಥೆಯೂ ಅಲ್ವರ್ ಸಮೀಪದ ತಿಜಾರಾ ಕೋಟೆಯನ್ನು ರಾಜಸ್ಥಾನ ಸರ್ಕಾರದಿಂದ ಗುತ್ತಿಗೆಗೆ ಪಡೆದು ಜೀರ್ಣೋದ್ಧಾರ ಮಾಡಿದೆ. ಒಡೆತನ ಸರ್ಕಾರದ್ದು, ದುಡಿಮೆ ಉದ್ಯಮಿಯದು ಎಂಬ ಈ ವ್ಯವಸ್ಥೆಯಲ್ಲಿ ಗುತ್ತಿಗೆಯ ಅವಧಿಯೇ ನಿರ್ಣಾಯಕ. ಅವಧಿ ಚಿಕ್ಕದಾದರೆ ಯಾರೂ ಸುಣ್ಣದ ಗಾರೆಗೆ ಹಣ ಹಾಕುವುದಿಲ್ಲ; ಬಣ್ಣ ಬಳಿದು ಬಾಡಿಗೆ ಎತ್ತುತ್ತಾರೆ.

ಅಪಾಯಗಳೂ ಉಂಟು

ಈ ಉದ್ಯಮಕ್ಕೆ ಟೀಕೆಗಳಿಲ್ಲದಿಲ್ಲ. ಕೋಟೆ ಹೋಟೆಲಾದರೆ ಊರಿನವರಿಗೆ ಅದು ಪರರ ಮನೆಯಾಗುತ್ತದೆ ಎಂಬುದು ಮೊದಲನೆಯ ಆಕ್ಷೇಪ. ಹಗಲಿನ ಪ್ರವೇಶಕ್ಕೆ ಅವಕಾಶ, ಊರಿನವರಿಗೇ ಉದ್ಯೋಗ, ತರಕಾರಿ ಹಾಲುಗಳ ಸ್ಥಳೀಯ ಖರೀದಿಗಳಿಂದ ಇದನ್ನು ತಕ್ಕಮಟ್ಟಿಗೆ ನಿವಾರಿಸಬಹುದು. ಅತಿಥಿಗಳ ಬೇಡಿಕೆಗೆ ಮಣಿದು ಹೊಸ ಭಾಗಗಳನ್ನು ಸೇರಿಸುತ್ತ ಹೋದರೆ ಹಳೆಯದು ಯಾವುದು, ಹೊಸದು ಯಾವುದು ಎಂಬ ಭೇದವೇ ಅಳಿಸಿಹೋಗುತ್ತದೆ ಎಂಬುದು ಎರಡನೆಯ ಆಕ್ಷೇಪ. ವ್ಯಾಪಾರದ ದೃಷ್ಟಿಯಿಂದಲೂ ಇದು ಕಡೆಗಣಿಸುವ ಮಾತಲ್ಲ. ಗ್ರಾಹಕ ಹಣ ಕೊಡುವುದು ಪ್ರಾಚೀನತೆಗೆ. ಅದು ಕರಗಿದರೆ ಉಳಿಯುವುದು ಮೆಟ್ಟಿಲು ಹೆಚ್ಚಿರುವ ಒಂದು ಸಾಧಾರಣ ಹೋಟೆಲು. ಮೂರನೆಯದು ಒಂದೇ ಆದಾಯವನ್ನು ನೆಚ್ಚಿಕೊಳ್ಳುವ ಅಪಾಯ. 2020ರ ಮಾರ್ಚ್ ತಿಂಗಳಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ಹೋಟೆಲುಗಳ ವರಮಾನ ನಿಂತಿತು, ಮಳೆಗಾಲ ನಿಲ್ಲಲಿಲ್ಲ. ವರಮಾನ ಚೆನ್ನಾಗಿರುವ ವರ್ಷಗಳಲ್ಲಿ ದುರಸ್ತಿ ನಿಧಿಯನ್ನು ಪ್ರತ್ಯೇಕವಾಗಿ ತೆಗೆದಿಡದ ಕಟ್ಟಡ ಇಂತಹ ಒಂದೆರಡು ಮಳೆಗಾಲಗಳಲ್ಲಿಯೇ ಹಳೆಯ ಸ್ಥಿತಿಗೆ ಮರಳಬಹುದು.

ಕರ್ನಾಟಕದ ಉದ್ಯಮಿಗಳಿಗೆ

ಈ ದಾರಿ ಕರ್ನಾಟಕಕ್ಕೆ ಅಪರಿಚಿತವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ವಾಸ್ತವ್ಯಕ್ಕೆಂದು 1921ರಲ್ಲಿ ಕಟ್ಟಿಸಿದ ಮೈಸೂರಿನ ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಕೈಯಲ್ಲಿದ್ದ ಅದು 2018ರಲ್ಲಿ ರಾಜ್ಯ ಸರ್ಕಾರಕ್ಕೆ ಮರಳಿತು. ಸಂಡೂರಿನ ಘೋರ್ಪಡೆ ಅರಸು ಮನೆತನದ ಶಿವವಿಲಾಸ ಅರಮನೆಯೂ ತಂಗುದಾಣವಾಗಿದೆ. ನೀಮ್ರಾನಾ ಸಂಸ್ಥೆಯೇ ಬೆಂಗಳೂರಿನ ಮಲ್ಲೇಶ್ವರದ ವಿಲ್ಲಾ ಪೊಟ್ಟಿಪಾಟಿ ಎಂಬ ಹಳೆಯ ಬಂಗಲೆಯಲ್ಲಿ ತಂಗುದಾಣ ನಡೆಸಿದುದುಂಟು. ಅರಮನೆಗಳಲ್ಲದೆ ಉತ್ತರ ಕರ್ನಾಟಕದ ವಾಡೆಗಳು, ಕೊಡಗಿನ ಐನ್‌ಮನೆಗಳು, ತುಳುನಾಡಿನ ಗುತ್ತಿನ ಮನೆಗಳು, ಮಲೆನಾಡಿನ ತೊಟ್ಟಿಮನೆಗಳು, ಪೇಟೆಯ ಹಳೆಯ ಮಂಡಿಗಳು, ಕರಾವಳಿಯ ಹೆಂಚಿನ ಕಾರ್ಖಾನೆಗಳು. ಇವೂ ನೀಮ್ರಾನಾದ ಹಳೆಯ ಒಡೆಯರು ಎದುರಿಸಿದ ಪ್ರಶ್ನೆಯನ್ನೇ ತಮ್ಮ ಒಡೆಯರ ಮುಂದಿಡುತ್ತಿವೆ.

ಇಂತಹ ಆಸ್ತಿಯುಳ್ಳ ಕುಟುಂಬಗಳು ಮೊದಲು ಮಾಡಬೇಕಾದ ಕೆಲಸ ಗಾರೆಯದಲ್ಲ, ಕಾಗದಪತ್ರದ್ದು. ಪಾಲುದಾರರು ಹಲವರಿದ್ದು, ಹಕ್ಕು ಇತ್ಯರ್ಥವಾಗದ ಮನೆಗೆ ಬ್ಯಾಂಕು ಸಾಲ ಕೊಡುವುದು ಕಷ್ಟ; ದುರಸ್ತಿ ಮಾಡಿಸಿದವನಿಗೆ ಅದರ ಫಲ ದೊರೆಯುವ ಭರವಸೆಯೂ ಇಲ್ಲ. ಪಾಲುಗಾರಿಕೆ ಪತ್ರವೊಂದರ ಮೂಲಕ ಪ್ರತಿಯೊಬ್ಬರ ಪಾಲು, ನಿರ್ವಹಣೆಯ ಹೊಣೆ, ದುರಸ್ತಿ ನಿಧಿಗೆ ಮೀಸಲಿಡುವ ಅಂಶಗಳನ್ನು ಗೊತ್ತುಪಡಿಸಿಕೊಂಡ ಮೇಲೆಯೇ ಕಾಮಗಾರಿಗೆ ಕೈಹಾಕುವುದು ಲೇಸು. ನಂತರ ಎರಡು ಮೂರು ಕೊಠಡಿಗಳಿಂದ ಆರಂಭಿಸಿ, ಒಂದು ವರ್ಷದ ಲೆಕ್ಕ ಕಂಡ ಬಳಿಕ ಮುಂದಿನ ಹಂತಕ್ಕೆ ಹೋಗಬಹುದು. ವಾರದ ನಡುವೆ ಬರುವ ಗ್ರಾಹಕರು ಯಾರು ಎಂಬ ಪ್ರಶ್ನೆಗೆ ಉತ್ತರ ದೊರೆಯದ ಊರಿನಲ್ಲಿ ಕೊಠಡಿಗಳ ಸಂಖ್ಯೆ ಹೆಚ್ಚಿಸುವ ಆತುರ ಸಲ್ಲದು.

ವಾಕ್ಝಿಯಾರ್ಗ್ 2014ರಲ್ಲಿ ನಿಧನರಾದರು. ಅವರ ನಂತರವೂ ತಂಗುದಾಣ ನಡೆದುಕೊಂಡು ಬಂದಿದೆ. 1947ರಲ್ಲಿ ಅರಸನೇ ತೊರೆದುಹೋದ ಕೋಟೆಯಲ್ಲಿ ಇಂದು ಪ್ರತಿ ಸಂಜೆ ದೀಪ ಬೆಳಗುತ್ತದೆ; ಆ ದೀಪದ ಎಣ್ಣೆಯ ಖರ್ಚನ್ನು ಕೋಟೆಯೇ ದುಡಿದುಕೊಳ್ಳುತ್ತಿದೆ.